ದೂರು ಕೊಟ್ಟವರ ಹೆಸರು

ನಮ್ಮ ಅಜ್ಜಂದಿರ ಕಾಲದಲ್ಲಿ ಊರಿನಲ್ಲಿ ದೂರು ಕೊಡುವುದೆಂದರೆ ಸಾಮಾನ್ಯವಾದ ಮಾತಾಗಿರಲಿಲ್ಲ. ಪಕ್ಕದ ಹೊಲದವನು ಬದು ಒತ್ತಿದನೆಂದು ಪಟೇಲರ ಜಗಲಿ ಹತ್ತುವವನು, ಹತ್ತುವ ಮೊದಲು ನಾಲ್ಕು ದಿನ ಯೋಚಿಸುತ್ತಿದ್ದ. ದೂರು ಕೊಟ್ಟವನಾರೆಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತಿತ್ತು. ಮರುದಿನ ಅದೇ ಬಾವಿಕಟ್ಟೆಯಲ್ಲಿ, ಅದೇ ಗುಡಿಯ ಮುಂದೆ ಇಬ್ಬರೂ ಎದುರು ಬದುರಾಗಬೇಕಾಗಿತ್ತು. ಈಗ ನಾವು ಮಹಾನಗರದ ನಿವಾಸಿಗಳು. ಜೇಬಿನಲ್ಲಿ ಮೊಬೈಲ್ ಫೋನಿದೆ, ಅದರಲ್ಲಿ ನಗರಾಡಳಿತದ ಆ್ಯಪ್ ಇದೆ. ರಸ್ತೆಯ ಗುಂಡಿ, ಉರಿಯದ ದೀಪ, ಎತ್ತದ ಕಸ, ಯಾವುದೇ ಇರಲಿ, ಒಂದು ಫೋಟೋ ತೆಗೆದು ಬೆರಳೊತ್ತಿದರೆ ದೂರು ದಾಖಲಾಗಿ ಅದಕ್ಕೊಂದು ಸಂಖ್ಯೆ ಬರುತ್ತದೆ. ಕೊಟ್ಟವರು ಯಾರೆಂದು ಬೀದಿಗೆ ತಿಳಿಯುವುದಿಲ್ಲ. ಇದು ಒಳ್ಳೆಯದೇ ಕೆಟ್ಟದ್ದೇ ಎಂಬ ಪ್ರಶ್ನೆ ಕಳೆದ ಮಳೆಗಾಲದವರೆಗೆ ನಮ್ಮನ್ನು ಕಾಡಿರಲಿಲ್ಲ.

ನಡೆದದ್ದು ಇಷ್ಟು. ನಮ್ಮ ಕಟ್ಟಡದಿಂದ ಬಸ್ ನಿಲ್ದಾಣಕ್ಕೆ ಹೋಗುವ ಫುಟ್‌ಪಾತಿನ ಮೇಲೆ ತರಕಾರಿ ಮಾರುವ ಹೆಂಗಸೊಬ್ಬಳು ತಳ್ಳುಗಾಡಿ ನಿಲ್ಲಿಸುತ್ತಿದ್ದಳು. ಬೆಳಿಗ್ಗೆ ಆರೂವರೆಗೆ ಬಂದರೆ ರಾತ್ರಿ ಒಂಬತ್ತರವರೆಗೆ. ಗಾಡಿಯ ಹಿಂದೆ ಮೂಟೆ, ಮೂಟೆಯ ಪಕ್ಕ ನೀರಿನ ಡಬ್ಬ. ನಡೆಯುವವರಿಗೆ ಉಳಿದದ್ದು ಒಂದಡಿ ಜಾಗ. ಮಳೆ ಹನಿಯುತ್ತಿದ್ದ ಒಂದು ಸಂಜೆ ನಮ್ಮ ಮೊದಲ ಮಹಡಿಯ ನಿವೃತ್ತ ಮೇಷ್ಟರು, ಎಪ್ಪತ್ತು ದಾಟಿದವರು, ಗಾಡಿಯನ್ನು ಬಳಸಿ ಹೋಗಲೆಂದು ರಸ್ತೆಗಿಳಿದಾಗ ಸ್ಕೂಟರೊಂದು ತಾಗಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅದೇ ಫುಟ್‌ಪಾತಿನ ಇನ್ನೊಂದು ತುದಿಯಲ್ಲಿ ಚರಂಡಿಯ ಮುಚ್ಚಳ ಒಡೆದು ಬಾಯಿ ತೆರೆದು ಎರಡು ತಿಂಗಳಾಗಿತ್ತು. ಆ ರಾತ್ರಿ ನಾವು ನಾಲ್ಕು ಮನೆಯವರು ಕೂತು ಮಾತಾಡಿ ಎರಡು ದೂರು ದಾಖಲಿಸಿದೆವು, ಒಂದು ಗಾಡಿಯ ಮೇಲೆ, ಇನ್ನೊಂದು ಮುಚ್ಚಳದ ಬಗ್ಗೆ. ಒತ್ತಿದ ಬೆರಳು ನಮ್ಮದೇ. ಬಿ.ಎಸ್ಸಿ. ಓದಿದವರೆಂದು ಕಟ್ಟಡದ ಇಂಥ ಕೆಲಸವೆಲ್ಲ ನಮ್ಮ ಪಾಲಿಗೇ ಬರುತ್ತದೆ.

ಮೂರನೆಯ ದಿನ ಬೆಳಿಗ್ಗೆ ಲಾರಿ ಬಂತು. ಗಾಡಿ, ತಕ್ಕಡಿ, ಆಗತಾನೇ ಮಾರುಕಟ್ಟೆಯಿಂದ ತಂದಿದ್ದ ಟೊಮೇಟೊ, ಸೊಪ್ಪು ಎಲ್ಲವೂ ಲಾರಿ ಸೇರಿದವು. ಕಚೇರಿಗೆ ಹೊರಟಿದ್ದ ನಾವು ಬಸ್ ನಿಲ್ದಾಣದಲ್ಲಿ ನಿಂತು ನೋಡಿದೆವು. ಆಕೆ ಲಾರಿಯ ಹಿಂದೆ ಸ್ವಲ್ಪ ದೂರ ಓಡಿದಳು. ನಾವು ಬಸ್ಸಿನಲ್ಲಿ ಕೂರುವಷ್ಟರಲ್ಲಿ ಫೋನಿಗೆ ಸಂದೇಶ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರಿ? ಚರಂಡಿಯ ದೂರಿಗೂ ಅದೇ ವಾರ ಉತ್ತರ ಬಂತು. ಅದೂ ಪರಿಹಾರವಾಗಿತ್ತು! ಜೊತೆಗೆ ಹೊಸ ಮುಚ್ಚಳದ ಫೋಟೋ ಬೇರೆ. ಆದರೆ ಅದರಲ್ಲಿ ಕಾಣುತ್ತಿದ್ದ ಹಸಿರು ಗೇಟು ನಮ್ಮ ಬೀದಿಯಲ್ಲಿ ಎಲ್ಲಿಯೂ ಇಲ್ಲ.

ಈ ಎರಡನೆಯದು ನಮಗೆ ಆಶ್ಚರ್ಯ ತರಲಿಲ್ಲ. ಇಪ್ಪತ್ತು ವರ್ಷ ಸರಕಾರಿ ಕಡತಗಳ ನಡುವೆ ಕೂತ ಗುಮಾಸ್ತರಿಗೆ ‘ವಿಲೇವಾರಿ’ ಎಂಬ ಶಬ್ದದ ಮರ್ಮ ಚೆನ್ನಾಗಿ ಗೊತ್ತಿರುತ್ತದೆ. ಕನ್ನಡದಲ್ಲಿ ಕಡತಕ್ಕೂ ವಿಲೇವಾರಿ, ಕಸಕ್ಕೂ ವಿಲೇವಾರಿ. ಎರಡು ಕಡೆಯೂ ಅರ್ಥ ಒಂದೇ: ನಮ್ಮ ಕಣ್ಣ ಮುಂದಿನಿಂದ ಆಚೆಗೆ ಹೋಯಿತು ಎಂದು. ತಿಂಗಳ ಕೊನೆಗೆ ಬಾಕಿ ಪಟ್ಟಿ ಮೇಲಿನವರಿಗೆ ಹೋಗಬೇಕು. ಬಾಕಿ ಹೆಚ್ಚಿದ್ದರೆ ವಿವರಣೆ ಕೊಡಬೇಕು. ಆಗ ಕೈ ತಾನಾಗಿ ಸುಲಭದ ಕಡತಗಳತ್ತ ಹೋಗುತ್ತದೆ. ‘ಮುಂದಿನ ಕ್ರಮಕ್ಕಾಗಿ ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ’ ಎಂಬ ಒಂದು ಸಾಲು ಬರೆದರೆ ಒಂದು ಬಾಕಿ ಕಳೆಯುತ್ತದೆ. ಆ ಸಾಲನ್ನು ನಾವು ನೂರಾರು ಸಲ ಬರೆದಿದ್ದೇವೆ. ಅದರಲ್ಲಿ ಸುಳ್ಳೇನೂ ಇಲ್ಲ, ಕಳುಹಿಸಿದ್ದು ನಿಜವೇ. ಅರ್ಜಿ ಬರೆದವರ ತೊಂದರೆ ತೀರಿತೇ ಎಂಬುದಕ್ಕೆ ಮಾತ್ರ ಪಟ್ಟಿಯಲ್ಲಿ ಕಾಲಮ್ಮಿರಲಿಲ್ಲ. ಆದ್ದರಿಂದ ಹಸಿರು ಗೇಟಿನ ಫೋಟೋ ಹಾಕಿದವನನ್ನು ಬೈಯುವ ಅಧಿಕಾರ ನಮಗಂತೂ ಇಲ್ಲ.

ನಮ್ಮ ಮನಸ್ಸಿಗೆ ನಾಟಿದ್ದು ಮೊದಲನೆಯದು. ಎರಡೂ ದೂರು ಒಂದೇ ರಾತ್ರಿ, ಒಂದೇ ಫೋನಿನಿಂದ ಹೋದವು. ಎರಡಕ್ಕೂ ಒಂದೇ ಗಡುವು. ಮುಚ್ಚಳ ಹಾಕಬೇಕಾದರೆ ಅದು ಮಳೆನೀರಿನ ಚರಂಡಿಯೋ ಒಳಚರಂಡಿಯೋ, ಯಾವ ಇಲಾಖೆಯದೆಂದು ತೀರ್ಮಾನವಾಗಬೇಕು, ಅಂದಾಜು ತಯಾರಾಗಬೇಕು, ಗುತ್ತಿಗೆದಾರ ಬರಬೇಕು. ಗಾಡಿ ಎತ್ತುವುದಕ್ಕೆ ಒಂದು ಲಾರಿ, ನಾಲ್ಕು ಆಳು ಸಾಕು. ಎದುರಿಗಿರುವವಳು ಮರುಮಾತಾಡಲಾರಳು. ಯಂತ್ರಕ್ಕೆ ಪಕ್ಷಪಾತವಿಲ್ಲ ಎನ್ನುತ್ತಾರೆ, ನಿಜ. ಆದರೆ ಎಲ್ಲ ದೂರಿಗೂ ಒಂದೇ ಗಡಿಯಾರ ಕಟ್ಟಿದಾಗ ಸುಲಭವಾದದ್ದು ಮೊದಲು ತೀರುತ್ತದೆ, ಮತ್ತು ನಗರದಲ್ಲಿ ಎಲ್ಲಕ್ಕಿಂತ ಸುಲಭವಾದ ಕೆಲಸವೆಂದರೆ ದುರ್ಬಲರನ್ನು ಎಬ್ಬಿಸುವುದು.

ಈ ಏರ್ಪಾಡುಗಳನ್ನು ಕಟ್ಟಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1996ರಲ್ಲಿ 311 ಎಂಬ ದೂರವಾಣಿ ಸಂಖ್ಯೆ ಆರಂಭವಾದದ್ದು, ತುರ್ತಲ್ಲದ ಕರೆಗಳು ಪೊಲೀಸರ 911ನ್ನು ಮುಳುಗಿಸುತ್ತಿದ್ದವೆಂದು. 2007ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಫಿಕ್ಸ್‌ಮೈಸ್ಟ್ರೀಟ್’ ಎಂಬ ತಾಣದಲ್ಲಿ ಒಬ್ಬರು ಬರೆದ ದೂರನ್ನು ಊರೆಲ್ಲ ನಕ್ಷೆಯ ಮೇಲೆ ನೋಡಬಹುದಾಗಿತ್ತು; ದೂರು ಅಧಿಕಾರಿಯ ಮೇಜಿನ ಖಾನೆಯಿಂದ ಚಾವಡಿಗೆ ಬಂದಂತಾಯಿತು. ನಮ್ಮ ದೇಶದಲ್ಲಿ 2016ರಲ್ಲಿ ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ ‘ಸ್ವಚ್ಛತಾ’ ಆ್ಯಪ್ ತಂದಿತು. ಮುಂದೆ ಸ್ವಚ್ಛ ಸರ್ವೇಕ್ಷಣದ ಅಂಕಗಳಲ್ಲಿ ಅದರ ಬಳಕೆಯೂ ಸೇರಿತು. ಅಂಕ ಎಂದ ಕೂಡಲೇ ಏನಾಗುತ್ತದೆಂಬುದು ಮಕ್ಕಳನ್ನು ಓದಿಸಿದವರಿಗೆಲ್ಲ ಗೊತ್ತು.

ಹಾಗೆಂದು ಗಡಿಯಾರವೇ ತಪ್ಪೆನ್ನಲಾರೆವು. ಕರ್ನಾಟಕದ ‘ಸಕಾಲ’ವನ್ನು ನೋಡಿ. 2011ರ ಕಾಯಿದೆ, 2012ರ ಏಪ್ರಿಲಿನಿಂದ ರಾಜ್ಯದಾದ್ಯಂತ ಜಾರಿಗೆ ಬಂತು. ಜಾತಿ ಪ್ರಮಾಣಪತ್ರವೋ ಖಾತಾ ನಕಲೋ ಗೊತ್ತುಪಡಿಸಿದ ದಿನಗಳಲ್ಲಿ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಅರ್ಜಿದಾರರಿಗೆ ಪರಿಹಾರ, ಅದೂ ತಡ ಮಾಡಿದ ನೌಕರರ ಜೇಬಿನಿಂದ. ಅಲ್ಲಿ ಗಡಿಯಾರ ನಡೆಯುತ್ತದೆ, ಏಕೆಂದರೆ ಕಾಗದ ಕೈಗೆ ಬಂತೋ ಇಲ್ಲವೋ ಎಂಬುದನ್ನು ಹೇಳುವವರು ಅರ್ಜಿದಾರರು. ಊರಿಗೆ ಹೋದಾಗ ತಂದೆಯವರ ಹೆಸರಿನ ದಾಖಲೆಗಾಗಿ ಅಲೆದ ನಮ್ಮಂಥವರಿಗೆ ಇದರ ಬೆಲೆ ತಿಳಿದಿದೆ. ಆದರೆ ಪ್ರಮಾಣಪತ್ರ ಒಬ್ಬರದು, ಫುಟ್‌ಪಾತು ಒಬ್ಬರದಲ್ಲ. ಅದರ ಮೇಲೆ ನಡೆಯುವ ಮೇಷ್ಟರಿದ್ದಾರೆ, ಮಾರುವ ಹೆಂಗಸಿದ್ದಾಳೆ, ಅದೇ ಹೆಂಗಸಿನಿಂದ ಕೊಳ್ಳುವ ನಾವಿದ್ದೇವೆ. ಹಲವರಿಗೆ ಸೇರಿದ ಸಂಗತಿಯಲ್ಲಿ ಒಬ್ಬರ ದೂರನ್ನು ಪರಿಹರಿಸಿದೆವೆಂದರೆ ಉಳಿದವರ ಮಾತು ಕೇಳಿದವರು ಯಾರು?

ಯಂತ್ರ ಯಾರನ್ನು ಕಾಣುತ್ತದೆ ಎಂಬುದಕ್ಕೆ ಬಾಸ್ಟನ್ ನಗರದ ಒಂದು ಪ್ರಯೋಗ ನೆನಪಿಗೆ ಬರುತ್ತದೆ. 2012ರ ಸುಮಾರಿಗೆ ಅಲ್ಲಿನ ನಗರಾಡಳಿತ ‘ಸ್ಟ್ರೀಟ್ ಬಂಪ್’ ಎಂಬ ಆ್ಯಪ್ ತಂದಿತು. ಇದಕ್ಕೆ ದೂರು ಕೊಡುವ ತೊಂದರೆಯೂ ಬೇಡ. ಫೋನು ಕಾರಿನಲ್ಲಿದ್ದರೆ ಸಾಕು, ಚಕ್ರ ಗುಂಡಿಗೆ ಬಿದ್ದಾಗ ಆಗುವ ವೇಗೋತ್ಕರ್ಷದ ಬದಲಾವಣೆಯನ್ನು ಫೋನಿನೊಳಗಿನ ಸಾಧನ ಅಳೆದು, ಸ್ಥಳದೊಂದಿಗೆ ನಗರಾಡಳಿತಕ್ಕೆ ತಿಳಿಸುತ್ತಿತ್ತು. ಕಾಲೇಜಿನಲ್ಲಿ ಜಾರುಹಲಗೆಯ ಮೇಲೆ ಗುಂಡು ಉರುಳಿಸಿ ವೇಗೋತ್ಕರ್ಷ ಕಲಿತ ನಮಗೆ ಇದನ್ನು ಓದಿ ಬಹಳ ಸಂತೋಷವಾಗಿತ್ತು. ಆದರೆ ವಿದ್ವಾಂಸರು ಒಂದು ತೊಡಕನ್ನು ತೋರಿಸಿದರು. ಕಾರೂ ಸ್ಮಾರ್ಟ್‌ಫೋನೂ ಇಲ್ಲದ ಬಡವರ, ಮುದುಕರ ಬಡಾವಣೆಗಳಲ್ಲಿ ಗುಂಡಿಗಳಿದ್ದರೂ ನಕ್ಷೆಯ ಮೇಲೆ ಅವು ಇರುವುದೇ ಇಲ್ಲ. ಬಾಸ್ಟನ್ನಿನವರು ಆ್ಯಪನ್ನು ಎಲ್ಲ ಬಡಾವಣೆಗೂ ಹೋಗುವ ತಮ್ಮ ರಸ್ತೆ ಪರೀಕ್ಷಕರಿಗೆ ಮೊದಲು ಕೊಟ್ಟು ಈ ಕೊರತೆಯನ್ನು ತುಂಬಲು ನೋಡಿದರು. ಯಂತ್ರದ ತಪ್ಪನ್ನು ತಿದ್ದಲು ಮನುಷ್ಯರು ಕಾಲ್ನಡಿಗೆಯವರನ್ನು ನೆನೆಯಬೇಕಾಯಿತು.

ನಮ್ಮ ತರಕಾರಿಯವಳ ಹತ್ತಿರವೂ ಫೋನಿದೆ. ಹಣ ತೆಗೆದುಕೊಳ್ಳುವ ಕ್ಯೂಆರ್ ಚೀಟಿ ಗಾಡಿಗೆ ಅಂಟಿಸಿಕೊಂಡಿದ್ದಳು. ಆದರೆ ಆ ಆ್ಯಪಿನಲ್ಲಿ ಆಕೆ ಹೇಳಬಹುದಾದದ್ದು ಏನು? ‘ಕಸ’, ‘ದೀಪ’, ‘ರಸ್ತೆ’, ‘ಅತಿಕ್ರಮಣ’ ಎಂಬ ತಲೆಬರಹಗಳಿವೆ. ‘ನನಗೊಂದು ಜಾಗ ಕೊಡಿ’ ಎಂಬ ತಲೆಬರಹವಿಲ್ಲ. ಆಕೆ ಅಲ್ಲಿ ಬರುವುದು ದೂರಿನ ವಸ್ತುವಾಗಿ ಮಾತ್ರ, ಗುಂಡಿಯ ಹಾಗೆ, ಕಸದ ಹಾಗೆ.

ಸಂಘದ ವಾಚನಾಲಯದಲ್ಲಿ ಈ ಮಾತೆತ್ತಿದಾಗ ಸ್ನೇಹಿತರೊಬ್ಬರು ಸಿಟ್ಟಾದರು. “ಮೇಷ್ಟರ ಕೈ ಮುರಿದದ್ದು ಸುಳ್ಳೇನ್ರೀ? ಫುಟ್‌ಪಾತು ಇರುವುದು ನಡೆಯುವವರಿಗೆ. ಕಾನೂನು ಎಂದರೆ ಕಾನೂನು” ಎಂದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಕಾನೂನು ಏನೆನ್ನುತ್ತದೆ ಎಂದು ಹುಡುಕಿದಾಗ, ದೂರು ಕೊಡುವ ಮುಂಚೆ ಓದಬೇಕಾಗಿದ್ದುದನ್ನು ಕೊಟ್ಟ ಮೇಲೆ ಓದಿದ ಹಾಗಾಯಿತು. ಬೀದಿ ವ್ಯಾಪಾರಿಗಳ ಕುರಿತು 2014ರಲ್ಲಿ ಸಂಸತ್ತು ಮಾಡಿದ ಕಾಯಿದೆಯಿದೆ. ಅದರ ಪ್ರಕಾರ ವ್ಯಾಪಾರಿಯನ್ನು ಎಬ್ಬಿಸಬೇಕಾದರೆ 30 ದಿನಗಳ ನೋಟೀಸು ಕೊಡಬೇಕು. ಸರಕು ವಶಪಡಿಸಿಕೊಂಡರೆ ಪಟ್ಟಿ ಮಾಡಿ ಪ್ರತಿಯನ್ನು ಕೊಡಬೇಕು. ಕೊಳೆಯುವ ಸರಕನ್ನು ಕೇಳಿದ ದಿನವೇ ಬಿಡಬೇಕು, ಉಳಿದದ್ದನ್ನು ಎರಡು ಕೆಲಸದ ದಿನಗಳಲ್ಲಿ. ಎಲ್ಲಿ ಮಾರಬಹುದು, ಎಲ್ಲಿ ಬಾರದು ಎಂಬುದರ ವಿಚಾರಕ್ಕೆ ಪಟ್ಟಣ ವ್ಯಾಪಾರ ಸಮಿತಿಯಿರಬೇಕು, ಅದರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಿರಬೇಕು. ಎಂದರೆ ಮೇಷ್ಟರೂ ಆಕೆಯೂ ಒಂದೇ ಮೇಜಿನ ಎರಡು ಬದಿ ಕೂತು ಒಂದಡಿ ಜಾಗವನ್ನು ಮೂರಡಿ ಮಾಡುವುದು ಹೇಗೆಂದು ಮಾತಾಡಬೇಕು ಎಂಬುದು ಕಾಯಿದೆಯ ಆಶಯ. ನಮ್ಮ ಬೆರಳು ಆ ಮೇಜನ್ನೇ ದಾಟಿಹೋಗಿತ್ತು.

ನಾಗರಿಕರೂ ನಗರಾಡಳಿತವೂ ಕೂಡಿ ಕೆಲಸ ಮಾಡಿದ ಉದಾಹರಣೆಗಳು ಇಲ್ಲವೆಂದಲ್ಲ. ಮುಂಬಯಿಯ ನಮ್ಮ ಬಂಧುಗಳು 1997ರಲ್ಲಿ ಆರಂಭವಾದ ಎ.ಎಲ್.ಎಂ. ಯೋಜನೆಯನ್ನು ಬಲ್ಲರು. ಘಾಟ್ಕೋಪರಿನ ಒಂದು ಗಲ್ಲಿಯಲ್ಲಿ ನಿವಾಸಿಗಳು ತಮ್ಮ ಕಸವನ್ನು ತಾವೇ ಬೇರ್ಪಡಿಸಲು ತೊಡಗಿ, ಪಾಲಿಕೆಯ ವಾರ್ಡ್ ಅಧಿಕಾರಿಗಳೊಡನೆ ಕೂತು ಬೀದಿಯ ಕೆಲಸ ನಿರ್ಧರಿಸಿದರು. ಅದನ್ನು ನೋಡಿ ಉಳಿದ ಬಡಾವಣೆಗಳೂ ಕಲಿತವು. ಬೆಂಗಳೂರಿನಲ್ಲಿ 2000ದಲ್ಲಿ ಸ್ವಯಂ ಆಸ್ತಿ ತೆರಿಗೆ ಘೋಷಣೆ ಬಂದಾಗ ಮನೆಯ ಯಜಮಾನರೇ ಅಳತೆ ಹಾಕಿ, ಅಚ್ಚಾದ ದರಪಟ್ಟಿ ನೋಡಿ, ತೆರಿಗೆ ಲೆಕ್ಕ ಹಾಕಿ ಕಟ್ಟಿದರು. ಇನ್‌ಸ್ಪೆಕ್ಟರನ ಕೃಪೆ ಬೇಕಾಗಲಿಲ್ಲ, ವಸೂಲಿಯೂ ಏರಿತು. ಆ ಅಚ್ಚಿನ ನಮೂನೆಯನ್ನು ನಾವು ತಂತ್ರಜ್ಞಾನವೆಂದೇ ಕರೆಯುತ್ತೇವೆ. ಅದು ನಾಗರಿಕನಿಗೆ ನಿನ್ನ ಮಾತನ್ನು ನಂಬುತ್ತೇವೆ ಎಂದಿತು. ನಿನಗೇನು ಬೇಕು ಎಂದು ಮಾತ್ರ ಕೇಳುವ ಯಂತ್ರ ನಮ್ಮನ್ನು ಗಿರಾಕಿಗಳನ್ನಾಗಿ ಮಾಡುತ್ತದೆ. ಗಿರಾಕಿಗೆ ಪಕ್ಕದಲ್ಲಿ ನಿಂತ ಗಿರಾಕಿಯ ಚಿಂತೆಯಿರುವುದಿಲ್ಲ.

ಇನ್ನೊಂದು ಸಂಗತಿ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ, ಮೂರು ಲಕ್ಷ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದಿತು. ಆದರೆ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ, 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾಗುವವರೆಗೂ ಚುನಾವಣೆ ನಡೆಯಲಿಲ್ಲ. ಮುಂಬಯಿಯಲ್ಲಿ 2022ರ ಮಾರ್ಚಿನಲ್ಲಿ ಅವಧಿ ಮುಗಿದು ಮೂರು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಆ ದಿನಗಳಲ್ಲೂ ದೂರಿನ ವ್ಯವಸ್ಥೆಗಳು ನಡೆಯುತ್ತಲೇ ಇದ್ದವು. ಕಾರ್ಪೊರೇಟರ್ ಇಲ್ಲದೆಯೂ ದೂರು ಕೊಡಬಹುದೆಂದರೆ, ಕಾರ್ಪೊರೇಟರ್ ಇಲ್ಲವೆಂಬುದೇ ನಮ್ಮಂಥ ಅನೇಕರಿಗೆ ಅರಿವಿಗೆ ಬರುವುದಿಲ್ಲ.

ಮೊದಲಿನ ಪ್ರಶ್ನೆಗೆ ಬರೋಣ. ದೂರು ಕೊಟ್ಟವರ ಹೆಸರು ಮುಚ್ಚಿಡಬೇಕೇ? ಮುಚ್ಚಿಡಲೇಬೇಕಾದ ಸಂದರ್ಭಗಳಿವೆ. ಪುಣೆಯ ಬಳಿಯ ತಳೇಗಾಂವಿನಲ್ಲಿ ಭೂ ವ್ಯವಹಾರಗಳನ್ನು ಮಾಹಿತಿ ಹಕ್ಕಿನ ಮೂಲಕ ಬಯಲಿಗೆಳೆಯುತ್ತಿದ್ದ ಸತೀಶ್ ಶೆಟ್ಟಿಯವರನ್ನು 2010ರ ಜನವರಿಯಲ್ಲಿ ಬೆಳಗಿನ ವಾಯುವಿಹಾರದ ವೇಳೆ ಕೊಂದರು. ಅದೇ ವರ್ಷ ಬೆಂಗಳೂರಿನ ‘ಜನಾಗ್ರಹ’ದವರು ಲಂಚ ಕೊಟ್ಟವರು ಹೆಸರು ಹೇಳದೆ ಬರೆಯುವ ತಾಣವನ್ನು ತೆರೆದರು, ಹೆಸರು ಕೇಳಿದ್ದರೆ ಯಾರು ಬರೆಯುತ್ತಿದ್ದರು? ನಾವು ಅಜ್ಜಂದಿರ ಊರನ್ನು ಹೊಗಳಿದೆವು, ಆದರೆ ಅಲ್ಲಿಯೂ ಪಟೇಲರ ಮೇಲೆಯೇ ದೂರಿದ್ದರೆ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಬಲಿಷ್ಠರ ಎದುರು ದೂರು ಕೊಡುವವರಿಗೆ ಮರೆ ಬೇಕು. ಆದರೆ ನಮಗೆ ಯಾರ ಭಯವಿತ್ತು? ತರಕಾರಿಯವಳು ನಮಗೇನು ಮಾಡಬಲ್ಲಳು? ಭಯವಿರಲಿಲ್ಲ, ಮುಜುಗರವಿತ್ತು. ಬಡವರನ್ನು ಎತ್ತಂಗಡಿ ಮಾಡಿಸಿ ಸಂಜೆ ಅವರ ಮುಖವನ್ನೇ ನೋಡಬೇಕಾದ ಮುಜುಗರ. ಅದರಿಂದ ಯಂತ್ರ ನಮ್ಮನ್ನು ಪಾರು ಮಾಡಿತ್ತು. ಆ ಮುಜುಗರ ಇದ್ದಿದ್ದರೆ ನಾವು ಬೆರಳೊತ್ತುವ ಮೊದಲು ಗಾಡಿಯ ಹತ್ತಿರ ಹೋಗಿ, ಮೂಟೆಯನ್ನಾದರೂ ಈಚೆ ಇಡು ಎಂದು ಹೇಳುತ್ತಿದ್ದೆವು. ಒಂದು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಪರಸ್ಥಳದಿಂದ ಬಂದ ನಾವು ಇದನ್ನು ಮರೆಯುವುದು ಇನ್ನೂ ವಿಚಿತ್ರ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರ ಕಥೆಯನ್ನು ಪ್ರತಿ ಸಂಘದ ವಾರ್ಷಿಕೋತ್ಸವದಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ಅವರು ಮಲಗುತ್ತಿದ್ದ ಜಗಲಿಯ ಫೋಟೋವನ್ನು ಆಗ ಯಾರೂ ತೆಗೆದು ಕಳುಹಿಸಲಿಲ್ಲ.

ನಾವು ವಾರ್ಡ್ ಕಚೇರಿಗೆ ಹೋದೆವು. ಮೇಷ್ಟರೂ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದರು, ಅದು ಅವರ ದೊಡ್ಡತನ. ದೂರು ವಾಪಸು ಪಡೆಯುತ್ತೇವೆಂದಾಗ ಅಲ್ಲಿನ ಗುಮಾಸ್ತರು ನಕ್ಕರು. ಪರಿಹಾರವಾದ ದೂರನ್ನು ವಾಪಸು ಪಡೆಯಲು ಆ್ಯಪಿನಲ್ಲಿ ದಾರಿಯಿಲ್ಲವಂತೆ. ಆಕೆ ದಂಡ ಕಟ್ಟಿ ಗಾಡಿ ಬಿಡಿಸಿಕೊಂಡು ಮರಳಿದ್ದು ಹದಿನಾರನೆಯ ದಿನ. ತರಕಾರಿಯಂತೂ ಹೋಯಿತು. ಈಗ ಗಾಡಿ ಮೂವತ್ತು ಅಡಿ ಆಚೆ, ಅಗಲವಾದ ತಿರುವಿನಲ್ಲಿ ನಿಲ್ಲುತ್ತದೆ. ಆ ಜಾಗವನ್ನು ತೋರಿಸಿದವರು ಮೇಷ್ಟರೇ. ನಡೆಯುವವರಿಗೆ ತೊಂದರೆಯಿಲ್ಲ. ಇಷ್ಟನ್ನು ಮೊದಲ ದಿನವೇ ಮಾಡಬಹುದಾಗಿತ್ತು.

ದೂರು ಕೊಟ್ಟವರು ಯಾರಿರಬಹುದೆಂದು ಆಕೆ ಗಿರಾಕಿಗಳನ್ನೆಲ್ಲ ಕೇಳುತ್ತಿದ್ದಳು. ಎದುರಿನ ಅಂಗಡಿಯವನ ಮೇಲೆ ಅವಳಿಗೆ ಗುಮಾನಿ. ನಮ್ಮ ಮನೆಯವರು ಒಂದು ರಾತ್ರಿ, “ನೀವು ಹೇಳದಿದ್ದರೆ ನಾನೇ ಹೇಳಿಬಿಡುತ್ತೇನೆ. ದಿನಾ ಅವಳ ಮುಖ ನೋಡಿ ಸೊಪ್ಪು ತರುವವಳು ನಾನು. ಮೇಲಾಗಿ ಆ ಅಂಗಡಿಯವನು ಪಾಪ ಏನು ಮಾಡಿದ್ದಾನೆ?” ಎಂದರು. ಮರುದಿನ ಭಾನುವಾರ ಇಬ್ಬರೂ ಹೋಗಿ ಹೇಳಿದೆವು. ನಮ್ಮ ಹರಕು ಮುರುಕು ಹಿಂದಿಯಲ್ಲಿ ಹೇಳಬೇಕಾದದ್ದೆಲ್ಲ ಸರಿಯಾಗಿ ಬರಲಿಲ್ಲ. ಆಕೆ ಕೇಳಿದಳು. ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ತೂಕ ಹಾಕಿದ್ದ ಬೀನ್ಸನ್ನು ಚೀಲಕ್ಕೆ ಸುರಿದು ಚಿಲ್ಲರೆ ಎಣಿಸಿ ಕೊಟ್ಟಳು.

ನಮ್ಮ ಕಟ್ಟಡದ ಸಭೆಯಲ್ಲಿ ಈಗ ಒಂದು ಕ್ರಮ ಮಾಡಿಕೊಂಡಿದ್ದೇವೆ. ದೀಪ, ಗುಂಡಿ, ಚರಂಡಿಗಳಿಗೆ ನೇರವಾಗಿ ಆ್ಯಪು. ದೂರಿನಿಂದ ಒಬ್ಬ ಮನುಷ್ಯನ ಅನ್ನಕ್ಕೆ ಪೆಟ್ಟು ಬೀಳುವಂತಿದ್ದರೆ ಮೊದಲು ಇಬ್ಬರು ಹೋಗಿ ಹೆಸರು ಹೇಳಿ ಮಾತಾಡಬೇಕು, ಹದಿನೈದು ದಿನ ಕಾಯಬೇಕು. ಇದರ ಮೊದಲ ಪ್ರಯೋಗ ಗೇಟಿನ ಪಕ್ಕ ಪಂಕ್ಚರ್ ಹಾಕುವವನ ಮೇಲೆ ನಡೆದಿದೆ. ಮೂರು ವಾರವಾಯಿತು, ಅವನು ಹಳೆಯ ಟಯರುಗಳಲ್ಲಿ ಅರ್ಧದಷ್ಟು ತೆಗೆದಿದ್ದಾನೆ, ಅರ್ಧ ಹಾಗೆಯೇ ಇವೆ. ಗಡುವು ಮುಗಿಯಿತು, ದೂರು ಕೊಡಿ ಎನ್ನುವವರು ಕೆಲವರಿದ್ದಾರೆ. ಇನ್ನೊಂದು ವಾರ ನೋಡೋಣ ಎಂದಿದ್ದೇವೆ.

ತರಕಾರಿಯವಳು ಈಗ ಮಾತಾಡುತ್ತಾಳೆ. ಮೊದಲಿನಂತೆ ತೂಕದ ಮೇಲೆ ನಾಲ್ಕು ಕಡ್ಡಿ ಕೊತ್ತಂಬರಿಯ ಕೊಸರು ಮಾತ್ರ ಹಾಕುವುದಿಲ್ಲ. ಚರಂಡಿಯ ಮುಚ್ಚಳದ ದೂರನ್ನು ನಾವು ಏಳನೆಯ ಸಲ ದಾಖಲಿಸಿದ್ದೇವೆ. ಇದನ್ನು ಬರೆಯುವ ಹೊತ್ತಿಗೆ ಅದು ಪರಿಶೀಲನೆಯಲ್ಲಿದೆ.